ಫೋನ್ ಮುಟ್ಟದೆ ವಾಹನ ಓಡಿಸಿದರೆ ಬಹುಮಾನ: ಇಂಥ ಆಪ್‌ಗಳಿಂದ ಯಾರಿಗೆ, ಎಷ್ಟು ಲಾಭ?

ವಾಹನ ಓಡಿಸುವಾಗ ಫೋನ್ ಮುಟ್ಟದವರಿಗೆ ಅಂಕ ಕೊಟ್ಟು, ಆ ಅಂಕಗಳನ್ನು ಗಿಫ್ಟ್ ಕಾರ್ಡ್, ನಗದು ಅಥವಾ ವಿಮಾ ಕಂತಿನ ರಿಯಾಯಿತಿಯಾಗಿ ಬದಲಿಸಿಕೊಡುವ ಆಪ್‌ಗಳ ಬಗ್ಗೆ ಈಚಿನ ವರ್ಷಗಳಲ್ಲಿ ಬಂದಿರುವ ಸುದ್ದಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಸಣ್ಣ ಮೊತ್ತದ ಪ್ರೋತ್ಸಾಹಧನ ಮತ್ತು ಆಟದ ರೂಪದ ಸ್ಪರ್ಧೆಗಳು ಚಾಲಕರ ಫೋನ್ ಬಳಕೆಯನ್ನು ನಿಜವಾಗಿಯೂ ತಗ್ಗಿಸುತ್ತವೆ ಎಂದು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ವರದಿ ಮಾಡಿದರು. ಜನರಲ್ ಮೋಟರ್ಸ್ ಕಂಪನಿಯು ಒಳ್ಳೆಯ ಚಾಲನೆಯನ್ನು ರೂಢಿಸುವ ಸೌಲಭ್ಯವೆಂದು ಹೇಳಿ ತನ್ನ ಕಾರುಗಳಲ್ಲಿ ಒದಗಿಸಿದ್ದ ‘ಸ್ಮಾರ್ಟ್ ಡ್ರೈವರ್’ ವ್ಯವಸ್ಥೆಯ ಮಾಹಿತಿ, ದತ್ತಾಂಶ ವ್ಯಾಪಾರಿಗಳ ಕೈದಾಟಿ ವಿಮಾ ಕಂಪನಿಗಳನ್ನು ಸೇರುತ್ತಿತ್ತು ಎಂಬ ಸಂಗತಿ ಬಯಲಾದದ್ದೂ ಅದೇ ವರ್ಷ. 2025ರ ಜನವರಿಯಲ್ಲಿ ಟೆಕ್ಸಾಸ್ ರಾಜ್ಯದ ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ಅವರು ಆಲ್‌ಸ್ಟೇಟ್ ವಿಮಾ ಕಂಪನಿ ಮತ್ತು ಅದರ ಅಂಗಸಂಸ್ಥೆ ಆರಿಟಿಯ ಮೇಲೆ ಮೊಕದ್ದಮೆ ಹೂಡಿದರು. ಬೇರೆ ಬೇರೆ ಆಪ್‌ಗಳೊಳಗೆ ಅಡಗಿಸಿಟ್ಟ ತಂತ್ರಾಂಶದ ಮೂಲಕ 4.5 ಕೋಟಿಗೂ ಹೆಚ್ಚು ಅಮೆರಿಕನ್ನರ ಓಡಾಟದ ಮಾಹಿತಿಯನ್ನು ಅವರ ಅರಿವಿಗೆ ಬಾರದಂತೆ ಸಂಗ್ರಹಿಸಲಾಗಿದೆ ಎಂಬುದು ಅದರಲ್ಲಿನ ಆರೋಪ.

ಹಾಗಾದರೆ ಈ ಆಪ್‌ಗಳು ಪ್ರಾಣ ಉಳಿಸುವ ಸಾಧನಗಳೋ, ಬೇಹುಗಾರಿಕೆಯ ಸಾಧನಗಳೋ ಎಂಬ ಗೊಂದಲ ಓದುಗರಿಗೆ ಹುಟ್ಟುವುದು ಸಹಜ. ಎರಡೂ ಒಟ್ಟಿಗೆ ನಿಜವಾಗಿರಬಹುದು. ಚಾಲಕ ಫೋನ್ ಮುಟ್ಟಿದನೇ ಎಂದು ತಿಳಿಯಲು ಬೇಕಾದ ಮಾಹಿತಿ ಮತ್ತು ಅವನು ಎಲ್ಲಿಗೆ, ಯಾವಾಗ, ಎಷ್ಟು ವೇಗದಲ್ಲಿ ಹೋದ ಎಂಬ ಮಾಹಿತಿ ಒಂದೇ ಉಪಕರಣದಿಂದ, ಒಂದೇ ಹೊತ್ತಿನಲ್ಲಿ ಹೊರಡುತ್ತವೆ. ಮೊದಲನೆಯದು ಸುರಕ್ಷತೆಗೆ ಬೇಕು. ಎರಡನೆಯದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇದೆ. ಈ ಎರಡನ್ನು ಬಿಡಿಸಿ ನೋಡದೆ ಆಪ್ ಬೇಕೇ ಬೇಡವೇ ಎಂದು ತೀರ್ಮಾನಿಸಲು ಬರುವುದಿಲ್ಲ.

ಸಮಸ್ಯೆಯ ಗಾತ್ರ

ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆ ಅಪಘಾತಗಳಲ್ಲಿ ಸಾಯುತ್ತಾರೆ. 5ರಿಂದ 29 ವರ್ಷದೊಳಗಿನವರ ಸಾವಿಗೆ ಇದೇ ಮೊದಲ ಕಾರಣ. ಇವುಗಳಲ್ಲಿ ಫೋನಿನ ಪಾಲೆಷ್ಟು ಎಂದು ಕರಾರುವಾಕ್ಕಾಗಿ ಹೇಳುವುದು ಕಷ್ಟ. ಅಪಘಾತವಾದ ಮೇಲೆ ‘ನಾನು ಫೋನ್ ನೋಡುತ್ತಿದ್ದೆ’ ಎಂದು ಒಪ್ಪಿಕೊಳ್ಳುವವರು ವಿರಳವಾದ್ದರಿಂದ ಪೊಲೀಸ್ ದಾಖಲೆಗಳಲ್ಲಿ ಕಾಣುವ ಸಂಖ್ಯೆ ವಾಸ್ತವಕ್ಕಿಂತ ಕಡಿಮೆಯೇ ಇರುತ್ತದೆ. ಆದರೆ ಅಪಾಯದ ಪ್ರಮಾಣದ ಬಗ್ಗೆ ಅಷ್ಟೊಂದು ಅನುಮಾನವಿಲ್ಲ. ಕೆನಡಾದ ರೆಡೆಲ್‌ಮೀಯರ್ ಮತ್ತು ಟಿಬ್ಶಿರಾನಿ 1997ರಲ್ಲಿ ಫೋನ್ ಬಿಲ್‌ಗಳನ್ನೂ ಅಪಘಾತದ ಸಮಯವನ್ನೂ ಹೋಲಿಸಿ, ಫೋನಿನಲ್ಲಿ ಮಾತಾಡುವಾಗ ಅಪಘಾತದ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಹೆಚ್ಚುತ್ತದೆ ಎಂದು ತೋರಿಸಿದರು. 2005ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನದಲ್ಲೂ ಹೆಚ್ಚುಕಡಿಮೆ ಇದೇ ಪ್ರಮಾಣ ಕಂಡಿತು.

ಸಂದೇಶ ಟೈಪ್ ಮಾಡುವುದು ಮಾತಿಗಿಂತ ಬಹಳ ಕೆಟ್ಟದ್ದು. ವರ್ಜೀನಿಯಾ ಟೆಕ್‌ನ ಸಾರಿಗೆ ಸಂಶೋಧನಾ ಸಂಸ್ಥೆಯು ವಾಹನಗಳೊಳಗೆ ಕ್ಯಾಮೆರಾ ಇಟ್ಟು ನಡೆಸಿದ ಅಧ್ಯಯನಗಳ ಫಲಿತಾಂಶವನ್ನು 2009ರಲ್ಲಿ ಪ್ರಕಟಿಸಿತು. ಅದರ ಪ್ರಕಾರ ಸಂದೇಶ ಕಳಿಸುತ್ತಿದ್ದ ಟ್ರಕ್ ಚಾಲಕರು ಅಪಘಾತಕ್ಕೆ ಅಥವಾ ಅಪಘಾತದ ಅಂಚಿಗೆ ಬರುವ ಸಾಧ್ಯತೆ 23 ಪಟ್ಟು ಹೆಚ್ಚಿತ್ತು, ಮತ್ತು ಪ್ರತಿ 6 ಸೆಕೆಂಡಿನಲ್ಲಿ ಸರಾಸರಿ 4.6 ಸೆಕೆಂಡು ಅವರ ಕಣ್ಣು ರಸ್ತೆಯ ಮೇಲಿರಲಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನ 4.6 ಸೆಕೆಂಡಿನಲ್ಲಿ 100 ಮೀಟರಿಗೂ ಹೆಚ್ಚು ದೂರ ಕ್ರಮಿಸುತ್ತದೆ. ಅಷ್ಟು ದೂರವೂ ಅದು ಕಣ್ಣು ಕಟ್ಟಿಕೊಂಡೇ ಓಡಿದಂತೆ. ಇದನ್ನು ನಿಲ್ಲಿಸುವ ಯಾವ ಉಪಾಯವನ್ನಾದರೂ ಗಂಭೀರವಾಗಿ ಪರಿಗಣಿಸಬೇಕು. ಬಹುಮಾನದ ಆಪ್‌ಗಳನ್ನು ಬರಿಯ ವ್ಯಾಪಾರದ ಗಿಮಿಕ್ ಎಂದು ತಳ್ಳಿಹಾಕುವುದು ಈ ಕಾರಣಕ್ಕೇ ಸರಿಯಲ್ಲ.

ಫೋನ್ ಏನನ್ನು ಗಮನಿಸುತ್ತದೆ

ಒಂದು ಸಾಮಾನ್ಯ ಪ್ರಯಾಣವನ್ನು ಹತ್ತಿರದಿಂದ ನೋಡೋಣ. ಚಾಲಕ ಫೋನನ್ನು ಜೇಬಿನಲ್ಲೋ ಪಕ್ಕದ ಸೀಟಿನ ಮೇಲೋ ಇಟ್ಟು ಹೊರಡುತ್ತಾನೆ. ಆಪ್ ತೆರೆಯುವ ಅಗತ್ಯವೂ ಇರುವುದಿಲ್ಲ. ಸ್ಥಳದ ಮಾಹಿತಿಯನ್ನು ‘ಯಾವಾಗಲೂ’ ಬಳಸಲು ಮೊದಲೇ ಅನುಮತಿ ಪಡೆದಿರುವ ಆಪ್, ಫೋನಿನ ಚಲನೆಯು ನಡಿಗೆಯ ವೇಗವನ್ನು ಮೀರಿದೊಡನೆ ಎಚ್ಚೆತ್ತು ದಾಖಲಿಸತೊಡಗುತ್ತದೆ. ಫೋನಿನೊಳಗಿನ ಆಕ್ಸಿಲರೋಮೀಟರ್ ವೇಗದ ಏರಿಳಿತವನ್ನು ಅಳೆಯುತ್ತದೆ, ಗೈರೋಸ್ಕೋಪ್ ಫೋನ್ ತಿರುಗಿದ್ದನ್ನೂ ವಾಲಿದ್ದನ್ನೂ ಗುರುತಿಸುತ್ತದೆ, ಜಿಪಿಎಸ್ ಜಾಗವನ್ನೂ ವೇಗವನ್ನೂ ತಿಳಿಸುತ್ತದೆ. ಪರದೆಯ ಬೀಗ ತೆರೆಯಿತೇ, ಕರೆ ಬಂತೇ ಎಂಬುದು ಫೋನಿನ ಕಾರ್ಯವ್ಯವಸ್ಥೆಯಿಂದ ಗೊತ್ತಾಗುತ್ತದೆ. ವಾಹನ ಓಡುತ್ತಿರುವಾಗ ಫೋನ್ ಥಟ್ಟನೆ ಮೇಲೆದ್ದು, ಓರೆಯಾಗಿ ನಿಂತು, ಪರದೆ ತೆರೆದುಕೊಂಡರೆ ಯಾರೋ ಅದನ್ನು ಕೈಗೆತ್ತಿಕೊಂಡಿದ್ದಾರೆ ಎಂದು ಲೆಕ್ಕ. ಪ್ರಯಾಣ ಮುಗಿದ ಮೇಲೆ ನಕ್ಷೆಯೊಂದು ಮೂಡುತ್ತದೆ. ಸಾಗಿದ ದಾರಿ, ಅದರ ಮೇಲೆ ಎಲ್ಲೆಲ್ಲಿ ಬ್ರೇಕ್ ಜೋರಾಗಿ ಬಿತ್ತು, ಎಲ್ಲಿ ಫೋನ್ ಕೈಗೆ ಬಂತು ಎಂಬ ಚುಕ್ಕೆಗಳು, ಕೊನೆಗೊಂದು ಅಂಕ.

ಗಮನಿಸಬೇಕಾದದ್ದು ಇಲ್ಲಿದೆ. ಚಾಲಕನಿಗೆ ಕಾಣುವುದು ಅಂಕ ಮಾತ್ರ. ಅಂಕ ಹುಟ್ಟುವುದಕ್ಕೆ ಮುನ್ನ ಸಂಗ್ರಹವಾದ ಹೊರಟ ಜಾಗ, ತಲುಪಿದ ಜಾಗ, ಹೊತ್ತು, ವೇಗ ಎಲ್ಲವೂ ಕಂಪನಿಯ ಸರ್ವರ್‌ನಲ್ಲಿ ಉಳಿಯುತ್ತದೆ. ಕೆಲವು ವಾರಗಳ ಇಂಥ ದಾಖಲೆ ಕೈಯಲ್ಲಿದ್ದರೆ ಆ ವ್ಯಕ್ತಿಯ ಮನೆ ಯಾವುದು, ಕೆಲಸದ ಜಾಗ ಯಾವುದು, ರಾತ್ರಿ ಪಾಳಿ ಇದೆಯೇ, ಆಸ್ಪತ್ರೆಗೆ ಎಷ್ಟು ಸಲ ಹೋದರು, ಯಾವ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಾರೆ ಎಂಬುದನ್ನು ಊಹಿಸಲು ದೊಡ್ಡ ಜಾಣತನ ಬೇಕಾಗಿಲ್ಲ.

ಬಹುಮಾನದ ಹಣ ಯಾರದು

ಬಹುಮಾನದ ಹಣ ಎಲ್ಲಿಂದಲೋ ಬರಲೇಬೇಕು, ಮತ್ತು ಆಪ್‌ನ ಸ್ವಭಾವವನ್ನು ನಿರ್ಧರಿಸುವುದು ಆ ಮೂಲವೇ. ನಗರಾಡಳಿತಗಳೋ ಸುರಕ್ಷತಾ ಅಭಿಯಾನಗಳೋ ನಡೆಸುವ ಸ್ಪರ್ಧೆಗಳು ಒಂದು ಬಗೆ. 2016ರಲ್ಲಿ ಬಾಸ್ಟನ್ ನಗರವು ಕೇಂಬ್ರಿಜ್ ಮೊಬೈಲ್ ಟೆಲಿಮ್ಯಾಟಿಕ್ಸ್ ಕಂಪನಿಯ ಜೊತೆಗೂಡಿ ನಡೆಸಿದ ‘ಬಾಸ್ಟನ್ಸ್ ಸೇಫೆಸ್ಟ್ ಡ್ರೈವರ್’ ಸ್ಪರ್ಧೆ ಇದಕ್ಕೆ ಒಳ್ಳೆಯ ಉದಾಹರಣೆ. ಎಂಐಟಿಯ ಪ್ರಾಧ್ಯಾಪಕರಾದ ಹರಿ ಬಾಲಕೃಷ್ಣನ್ ಮತ್ತು ಸ್ಯಾಮ್ ಮ್ಯಾಡನ್ ಸಹಸಂಸ್ಥಾಪಕರಾಗಿರುವ ಈ ಕಂಪನಿಯ ತಂತ್ರಜ್ಞಾನವನ್ನು ಇಂದು ಹಲವು ದೇಶಗಳ ವಿಮಾ ಕಂಪನಿಗಳು ಬಳಸುತ್ತಿವೆ. ಇಂಥ ಸ್ಪರ್ಧೆಗಳು ಕೆಲವು ವಾರ ಅಥವಾ ತಿಂಗಳು ನಡೆದು ಮುಗಿಯುತ್ತವೆ. ಅಂಗಡಿ ಮತ್ತು ಹೋಟೆಲುಗಳ ಪ್ರಾಯೋಜಕತ್ವದಲ್ಲಿ ನಡೆಯುವ ಆಪ್‌ಗಳು ಇನ್ನೊಂದು ಬಗೆ. ಅಲ್ಲಿ ಫೋನ್ ಮುಟ್ಟದೆ ಓಡಿಸಿದ ನಿಮಿಷಗಳಿಗೆ ಅಂಕ, ಅಂಕಕ್ಕೆ ರಿಯಾಯಿತಿ ಕೂಪನ್ ಸಿಗುತ್ತದೆ. ವ್ಯಾಪಾರಿಗೆ ಬೇಕಾದದ್ದು ಗಿರಾಕಿ.

ಹೆಚ್ಚು ಹಣ ಇರುವುದು ಮೂರನೆಯ ಬಗೆಯಲ್ಲಿ, ಅಂದರೆ ವಿಮೆಯಲ್ಲಿ. ಪ್ರೋಗ್ರೆಸಿವ್‌ನ ಸ್ನ್ಯಾಪ್‌ಶಾಟ್, ಆಲ್‌ಸ್ಟೇಟ್‌ನ ಡ್ರೈವ್‌ವೈಸ್, ಸ್ಟೇಟ್ ಫಾರ್ಮ್‌ನ ಡ್ರೈವ್ ಸೇಫ್ ಆ್ಯಂಡ್ ಸೇವ್ ಈ ವರ್ಗದ ಹೆಸರಾಂತ ಯೋಜನೆಗಳು. ವಿಮಾ ಕಂಪನಿಗೆ ಇದರಿಂದ ಎರಡು ಲಾಭವಿದೆ. ಚಾಲಕ ಎಚ್ಚರದಿಂದ ಓಡಿಸಿದರೆ ಪರಿಹಾರ ಕೊಡುವ ಸಂದರ್ಭಗಳು ತಗ್ಗುತ್ತವೆ. ಅದಕ್ಕಿಂತ ಮುಖ್ಯವಾಗಿ, ಯಾರು ಅಪಾಯದ ಗಿರಾಕಿ, ಯಾರು ಅಲ್ಲ ಎಂದು ವಿಂಗಡಿಸುವ ಶಕ್ತಿ ಕಂಪನಿಗೆ ದಕ್ಕುತ್ತದೆ. ಜಾಹೀರಾತಿನಲ್ಲಿ ಮೊದಲನೆಯದರ ಮಾತೇ ಹೆಚ್ಚು, ಎರಡನೆಯದು ಷರತ್ತುಗಳ ಪುಟದಲ್ಲಿರುತ್ತದೆ. ಕೆಲವು ಯೋಜನೆಗಳಲ್ಲಿ ಅಂಕ ಕೆಟ್ಟರೆ ರಿಯಾಯಿತಿ ತಪ್ಪುವುದಷ್ಟೇ ಅಲ್ಲ, ಕಂತಿನ ಮೊತ್ತವೇ ಏರಬಹುದು. ಬಹುಮಾನ ಎಂಬ ಹೆಸರಿನ ಹಿಂದೆ ದಂಡವೂ ಇರುವ ಯೋಜನೆಯನ್ನು, ದಂಡವೇ ಇಲ್ಲದ ಸ್ಪರ್ಧೆಯೊಡನೆ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಬಹುಮಾನದಿಂದ ನಡವಳಿಕೆ ಬದಲಾಗುತ್ತದೆಯೇ

ಈ ಪ್ರಶ್ನೆಗೆ ಸಿಕ್ಕಿರುವ ಉತ್ತರಗಳು ಸಾಕಷ್ಟು ಗಟ್ಟಿಯಾಗಿವೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯ ಸಂಶೋಧಕ ಕಿಟ್ ಡೆಲ್ಗಾಡೊ ಮತ್ತು ಸಂಗಡಿಗರು ಸ್ನ್ಯಾಪ್‌ಶಾಟ್ ಗ್ರಾಹಕರ ಮೇಲೆ ನಡೆಸಿದ ಯಾದೃಚ್ಛಿಕ (ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವ) ಪ್ರಯೋಗಗಳಲ್ಲಿ ಕೈಯಲ್ಲಿ ಫೋನ್ ಹಿಡಿದು ಬಳಸುವ ಅವಧಿಯನ್ನು ಆಪ್ ಮೂಲಕವೇ ಅಳೆಯಲಾಯಿತು. ‘ನೀವು ಇತರರಿಗಿಂತ ಇಷ್ಟು ಹೆಚ್ಚು ಫೋನ್ ಬಳಸಿದ್ದೀರಿ’ ಎಂದು ತಿಳಿಸಿದ ಮಾತ್ರಕ್ಕೆ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಅದಕ್ಕೆ ಗರಿಷ್ಠ 50 ಡಾಲರ್‌ವರೆಗಿನ ಪ್ರೋತ್ಸಾಹಧನ ಸೇರಿಸಿದಾಗ ಬಳಕೆ ತಗ್ಗಿತು. ಮತ್ತೊಂದು ಪ್ರಯೋಗದಲ್ಲಿ, ಗುರಿ ನಿಗದಿಪಡಿಸಿ, ವಾರವಾರ ಅಂಕ ಕೊಟ್ಟು, ಸರಿಸಮಾನರ ಗುಂಪಿನಲ್ಲಿ ಸ್ಪರ್ಧೆ ಏರ್ಪಡಿಸಿದಾಗ ಫೋನ್ ಬಳಕೆ ಸುಮಾರು ಐದನೇ ಒಂದು ಭಾಗದಷ್ಟು ಇಳಿಯಿತು. ಸಾಧಾರಣ ಮೊತ್ತದ ನಗದು ಬಹುಮಾನವೂ ಜೊತೆಗಿದ್ದಾಗ ಕಾಲು ಭಾಗಕ್ಕಿಂತ ತುಸು ಹೆಚ್ಚೇ ಇಳಿಯಿತು. ಆಟ ನಿಂತ ಬಳಿಕವೂ ಆ ಇಳಿಕೆ ಕೆಲಕಾಲ ಉಳಿಯಿತು ಎಂಬುದು ಸಂಶೋಧಕರನ್ನು ಹೆಚ್ಚು ಉತ್ಸಾಹಗೊಳಿಸಿದ ಅಂಶ.

ಮಾಹಿತಿಯೊಂದೇ ಸಾಲದೆ ಹೋದದ್ದೇಕೆ ಎಂದು ಯೋಚಿಸಬೇಕು. ಫೋನ್ ಮುಟ್ಟುವುದು ತಪ್ಪೆಂದು ತಿಳಿಯದ ಚಾಲಕರೇ ಇಲ್ಲವೆನ್ನಬಹುದು. ಸಂದೇಶದ ಸದ್ದು ಕೇಳಿದ ಕ್ಷಣದಲ್ಲಿ ಅದನ್ನು ನೋಡುವ ಆಸೆ ಎದುರಿಗಿರುತ್ತದೆ. ಅಪಘಾತ ಮಾತ್ರ ದೂರದ ಸಾಧ್ಯತೆಯಾಗಿ ತೋರುತ್ತದೆ, ಏಕೆಂದರೆ ಹಿಂದಿನ ನೂರಾರು ಸಲ ಫೋನ್ ನೋಡಿದಾಗಲೂ ಏನೂ ಆಗಿರುವುದಿಲ್ಲ. ಪ್ರತಿ ಸಲ ಪಾರಾದಾಗಲೂ ಆ ಚಾಳಿ ಇನ್ನಷ್ಟು ಬೇರೂರುತ್ತದೆ. ವಾರದ ಕೊನೆಯಲ್ಲಿ ಕೈಸೇರುವ ಸಣ್ಣ ಮೊತ್ತ ಈ ಲೆಕ್ಕವನ್ನು ತಿರುಗಿಸುತ್ತದೆ. ಈಗ ಫೋನ್ ನೋಡಿದರೆ ಖಚಿತವಾಗಿ ಕಳೆದುಕೊಳ್ಳುವುದು ಏನೋ ಒಂದಿದೆ. ದೂರದ ದೊಡ್ಡ ಅಪಾಯವು ಮಾಡಲಾಗದ ಕೆಲಸವನ್ನು ಹತ್ತಿರದ ಸಣ್ಣ ನಷ್ಟ ಮಾಡುತ್ತದೆ.

ವಿಮೆಗೆ ಸಂಬಂಧಿಸಿದ ಅರ್ಥಶಾಸ್ತ್ರದ ಅಧ್ಯಯನಗಳೂ ಇದನ್ನು ಬೆಂಬಲಿಸುತ್ತವೆ. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ವಿಮಾ ಕಂಪನಿ ತಮ್ಮ ಚಾಲನೆಯನ್ನು ಅಳೆಯುವ ಮೇಲ್ವಿಚಾರಣೆಗೆ ಒಪ್ಪಿಕೊಂಡ ಚಾಲಕರು ದಿನಕ್ಕೆ ಜೋರಾಗಿ ಬ್ರೇಕ್ ಹಾಕುವ ಸಂದರ್ಭಗಳು ಆರು ತಿಂಗಳಲ್ಲಿ ಸರಾಸರಿ 21 ಶೇಕಡಾ ತಗ್ಗಿದವು. ಓಡಿಸಿದ ದೂರ ಮಾತ್ರ ಬದಲಾಗಲಿಲ್ಲ. ಯಿಜೌ ಜಿನ್ ಮತ್ತು ಶೋಶಾನಾ ವ್ಯಾಸರ್‌ಮನ್ ಅವರು ಅಮೆರಿಕದ ದೊಡ್ಡ ವಿಮಾ ಕಂಪನಿಯೊಂದರ ದತ್ತಾಂಶವನ್ನು ಪರಿಶೀಲಿಸಿ, ಮೇಲ್ವಿಚಾರಣೆ ಇರುವಷ್ಟು ಕಾಲ ಚಾಲಕರ ಅಪಾಯ ಸುಮಾರು 30 ಶೇಕಡಾ ಇಳಿಯುತ್ತದೆಂದು ಕಂಡುಕೊಂಡರು. ‘ಇರುವಷ್ಟು ಕಾಲ’ ಎಂಬ ಮಾತಿಗೆ ಇಲ್ಲಿ ತೂಕವಿದೆ. ಹೆಚ್ಚಿನ ಯೋಜನೆಗಳಲ್ಲಿ ರಿಯಾಯಿತಿ ನಿರ್ಧಾರವಾಗುವುದು ಆರಂಭದ ಕೆಲವು ತಿಂಗಳ ನಡವಳಿಕೆಯಿಂದ. ಆಮೇಲೆ ಎಚ್ಚರವಾಗಿರಲು ಆರ್ಥಿಕ ಕಾರಣ ಉಳಿಯುವುದಿಲ್ಲ. ಜೊತೆಗೆ, ಇಂಥ ಯೋಜನೆಗೆ ತಾವಾಗಿ ಸೇರುವವರಲ್ಲಿ ಮೊದಲೇ ಜಾಗರೂಕರಾಗಿರುವವರ ಪಾಲು ಹೆಚ್ಚು. ಆದ್ದರಿಂದ ‘ನಮ್ಮ ಆಪ್ ಬಳಸುವವರಿಗೆ ಅಪಘಾತ ಕಡಿಮೆ’ ಎಂದು ಕಂಪನಿಯೊಂದು ಹೇಳಿಕೊಂಡಾಗ, ಅದು ಆಪ್‌ನ ಗುಣವೋ ಅದಕ್ಕೆ ಸೇರಿದವರ ಗುಣವೋ ಎಂದು ಕೇಳುವುದು ನ್ಯಾಯ. ಯಾದೃಚ್ಛಿಕ ಪ್ರಯೋಗಗಳಿಗೆ ಹೆಚ್ಚು ಬೆಲೆ ಕೊಡಬೇಕಾದದ್ದು ಇದಕ್ಕಾಗಿಯೇ.

ಅಂಕದ ಕಣ್ಣಿಗೆ ಬೀಳದ ಸಂಗತಿಗಳು

ಆಪ್ ಅಳೆಯುವುದು ಕೈಯ ಚಲನೆಯನ್ನು. ಮನಸ್ಸು ಎಲ್ಲಿದೆ ಎಂಬುದು ಅದರ ಅಳತೆಗೆ ಸಿಗುವುದಿಲ್ಲ. ಫೋನನ್ನು ಸ್ಟ್ಯಾಂಡಿನಲ್ಲಿಟ್ಟು, ಕೈ ಮುಟ್ಟದೆ ಮುಕ್ಕಾಲು ಗಂಟೆ ಜಗಳವಾಡಿದ ಚಾಲಕನಿಗೆ ಹಲವು ಯೋಜನೆಗಳಲ್ಲಿ ಪೂರ್ಣಾಂಕವೇ ಸಿಗಬಹುದು. ಆದರೆ ಹ್ಯಾಂಡ್ಸ್‌ಫ್ರೀ ಮಾತುಕತೆ ಕೈಯಲ್ಲಿ ಹಿಡಿದ ಫೋನಿಗಿಂತ ಸುರಕ್ಷಿತವೆಂಬುದಕ್ಕೆ 1997ರ ಅಧ್ಯಯನದಲ್ಲೇ ಆಧಾರ ಸಿಕ್ಕಿರಲಿಲ್ಲ. ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಅವರ ತಂಡ 2015ರಲ್ಲಿ ಅಮೆರಿಕದ ವಾಹನ ಚಾಲಕರ ಸಂಘವಾದ ಎಎಎಯ ಸಂಚಾರ ಸುರಕ್ಷತಾ ಪ್ರತಿಷ್ಠಾನಕ್ಕಾಗಿ ನಡೆಸಿದ ಅಧ್ಯಯನದಲ್ಲಿ, ಧ್ವನಿಯಿಂದ ನಡೆಯುವ ಕೆಲವು ವ್ಯವಸ್ಥೆಗಳನ್ನು ಬಳಸಿ ಮುಗಿಸಿದ ಮೇಲೂ ಗಮನ ಪೂರ್ತಿ ರಸ್ತೆಗೆ ಮರಳಲು 27 ಸೆಕೆಂಡುಗಳವರೆಗೆ ಹಿಡಿಯಿತು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅದು 300 ಮೀಟರ್ ದೂರ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2011ರಲ್ಲಿ ಕೈಯಲ್ಲಿ ಹಿಡಿದ ಫೋನ್ ಮಾತ್ರವಲ್ಲದೆ ಹ್ಯಾಂಡ್ಸ್‌ಫ್ರೀ ಬಳಕೆಯನ್ನೂ ನಿಷೇಧಿಸಬೇಕೆಂದು ಶಿಫಾರಸು ಮಾಡಿದ್ದರ ಹಿನ್ನೆಲೆ ಇದೇ ಬಗೆಯ ಸಾಕ್ಷ್ಯ. ಪೂರ್ಣಾಂಕ ಪಡೆದ ಚಾಲಕ ‘ನಾನು ಸುರಕ್ಷಿತ’ ಎಂದು ನಂಬಿಬಿಟ್ಟರೆ ಆಪ್ ಅವನಿಗೆ ಅಪಕಾರವನ್ನೇ ಮಾಡಿದಂತೆ.

ಬ್ರೇಕ್‌ನ ವಿಚಾರ ಇನ್ನೂ ಸೂಕ್ಷ್ಮ. ಸ್ನ್ಯಾಪ್‌ಶಾಟ್‌ನ ವ್ಯಾಖ್ಯೆಯಲ್ಲಿ ಒಂದು ಸೆಕೆಂಡಿನಲ್ಲಿ ವೇಗವು ಗಂಟೆಗೆ 7 ಮೈಲಿ, ಅಂದರೆ ಸುಮಾರು 11 ಕಿಲೋಮೀಟರಿನಷ್ಟು ಕುಸಿದರೆ ಅದು ಜೋರಾದ ಬ್ರೇಕ್. ಮುಂದಿನ ವಾಹನಕ್ಕೆ ಅಂಟಿಕೊಂಡು ಓಡಿಸುವವರನ್ನು ಇದು ಸರಿಯಾಗಿಯೇ ಹಿಡಿಯುತ್ತದೆ. ಆದರೆ ರಸ್ತೆಗೆ ಥಟ್ಟನೆ ನುಗ್ಗಿದ ಮಗುವನ್ನು ಉಳಿಸಿದ ಬ್ರೇಕ್‌ಗೂ ಅದೇ ಕಪ್ಪುಚುಕ್ಕೆ ಬೀಳುತ್ತದೆ. ಕಿಕ್ಕಿರಿದ ರಸ್ತೆಯಲ್ಲಿ ಓಡಿಸುವವನಿಗೆ ಖಾಲಿ ಹೆದ್ದಾರಿಯಲ್ಲಿ ಓಡಿಸುವವನಿಗಿಂತ ಅಂಕ ಕಡಿಮೆ ಬರುವುದರಲ್ಲಿ ಅವನ ತಪ್ಪಿಲ್ಲ. ನಡುರಾತ್ರಿಯ ಪ್ರಯಾಣಕ್ಕೆ ಅಂಕ ಕಳೆಯುವ ಯೋಜನೆಗಳು ಅಂಕಿಅಂಶದ ದೃಷ್ಟಿಯಿಂದ ಸರಿಯೇ ಇರಬಹುದು, ಏಕೆಂದರೆ ರಾತ್ರಿ ಅಪಘಾತದ ಅಪಾಯ ಹೆಚ್ಚು. ಆದರೆ ರಾತ್ರಿ ಪಾಳಿಯ ದಾದಿಗೆ ಬೇರೆ ಹೊತ್ತನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೇ ಇರುವುದಿಲ್ಲ.

ಓಡಿಸುತ್ತಿರುವವರು ಯಾರು ಎಂಬ ಪ್ರಶ್ನೆ ಇನ್ನೊಂದು. ಬಸ್ಸಿನಲ್ಲಿ, ಗೆಳೆಯರ ಕಾರಿನಲ್ಲಿ ಪ್ರಯಾಣಿಕರಾಗಿ ಕುಳಿತು ಫೋನ್ ನೋಡಿದ್ದನ್ನೂ ಆಪ್ ಚಾಲಕನ ತಪ್ಪೆಂದು ದಾಖಲಿಸಬಹುದು. ಅನೇಕ ಆಪ್‌ಗಳು ‘ನಾನು ಪ್ರಯಾಣಿಕನಾಗಿದ್ದೆ’ ಎಂದು ತಿದ್ದಲು ಅವಕಾಶ ಕೊಡುತ್ತವೆ, ಆದರೆ ತಿದ್ದುವ ಹೊಣೆ ಬಳಕೆದಾರನದೇ. ಚಲನೆಯ ಮಾಹಿತಿಯನ್ನು ಯಂತ್ರ ಎಷ್ಟು ಸುಲಭವಾಗಿ ತಪ್ಪಾಗಿ ಓದಬಲ್ಲದು ಎಂಬುದಕ್ಕೆ, 2022ರಲ್ಲಿ ಐಫೋನ್ 14ರ ಅಪಘಾತ ಪತ್ತೆ ಸೌಲಭ್ಯವು ರೋಲರ್ ಕೋಸ್ಟರ್ ಸವಾರಿಯನ್ನೇ ಅಪಘಾತವೆಂದು ತಿಳಿದು ತುರ್ತು ಸೇವೆಗೆ ಕರೆ ಮಾಡಿದ ಪ್ರಕರಣಗಳು ಸಾಕ್ಷಿ. ಅದು ಬಹುಮಾನದ ಆಪ್ ಅಲ್ಲ ನಿಜ, ಆದರೆ ಒಳಗಿರುವುದು ಅದೇ ಜಾತಿಯ ಸಂವೇದಕಗಳು.

ಮಾಹಿತಿ ಹರಿದು ಹೋಗುವ ದಾರಿ

ಜನರಲ್ ಮೋಟರ್ಸ್ ಪ್ರಕರಣವನ್ನು ವಿವರವಾಗಿ ನೋಡುವುದು ಒಳ್ಳೆಯದು. ಅದು ಫೋನ್ ಆಪ್‌ಗಿಂತ ಹೆಚ್ಚಾಗಿ ಕಾರಿನೊಳಗಿನ ಸಂಪರ್ಕ ವ್ಯವಸ್ಥೆಯನ್ನು ಆಧರಿಸಿದ್ದರೂ, ಚಾಲಕರಿಗೆ ಕೊಟ್ಟ ಭರವಸೆ ಮಾತ್ರ ಇದೇ ಆಪ್‌ಗಳದು: ನಿಮ್ಮ ಚಾಲನೆಯನ್ನು ಅಳೆದು ತೋರಿಸುತ್ತೇವೆ, ಅದನ್ನು ಉತ್ತಮಪಡಿಸಿಕೊಳ್ಳಿ. ಕಾರು ಕೊಳ್ಳುವ ಗಡಿಬಿಡಿಯಲ್ಲಿ ತಾವು ಅದಕ್ಕೆ ಒಪ್ಪಿಗೆ ಕೊಟ್ಟದ್ದೇ ಅನೇಕರಿಗೆ ತಿಳಿದಿರಲಿಲ್ಲ. 2024ರ ಮಾರ್ಚಿನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದ ವರದಿಯಲ್ಲಿ, ವಿಮಾ ಕಂತು 21 ಶೇಕಡಾ ಏರಿದ್ದೇಕೆಂದು ಹುಡುಕಹೊರಟ ಕಾರು ಮಾಲೀಕರೊಬ್ಬರಿಗೆ ಲೆಕ್ಸಿಸ್‌ನೆಕ್ಸಿಸ್ ಎಂಬ ದತ್ತಾಂಶ ಸಂಸ್ಥೆಯಿಂದ ಸಿಕ್ಕಿದ ತಮ್ಮದೇ ಕಡತ 258 ಪುಟಗಳಷ್ಟಿತ್ತು. ಪ್ರತಿ ಪ್ರಯಾಣದ ಆರಂಭ, ಅಂತ್ಯ, ದೂರ, ವೇಗ, ಜೋರಾದ ಬ್ರೇಕ್ ಎಲ್ಲವೂ ಅದರಲ್ಲಿದ್ದವು. ಆ ಸುದ್ದಿಯ ಬೆನ್ನಿಗೇ ಕಂಪನಿ ಸ್ಮಾರ್ಟ್ ಡ್ರೈವರ್ ಸೌಲಭ್ಯವನ್ನು ಕೈಬಿಟ್ಟಿತು. 2025ರ ಜನವರಿಯಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್, ಕಂಪನಿಯು ಕೆಲವು ಸಂದರ್ಭಗಳಲ್ಲಿ ಪ್ರತಿ 3 ಸೆಕೆಂಡಿಗೊಮ್ಮೆ ನಿಖರ ಸ್ಥಳಮಾಹಿತಿಯನ್ನು ಸಂಗ್ರಹಿಸುತ್ತಿತ್ತು ಎಂದು ಆರೋಪಿಸಿ, ಅಂಥ ಮಾಹಿತಿಯನ್ನು ಲೆಕ್ಸಿಸ್‌ನೆಕ್ಸಿಸ್‌ನಂಥ, ಗ್ರಾಹಕರ ಬಗ್ಗೆ ವರದಿ ಕೊಡುವ ಸಂಸ್ಥೆಗಳಿಗೆ ಐದು ವರ್ಷ ಕೊಡಕೂಡದು ಎಂಬ ಆದೇಶವನ್ನು ಪ್ರಸ್ತಾಪಿಸಿತು.

ಟೆಕ್ಸಾಸ್ ಮೊಕದ್ದಮೆಯ ಆರೋಪ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕುಟುಂಬದವರ ಇರವನ್ನು ತಿಳಿಸುವ ಲೈಫ್360, ಕಡಿಮೆ ಬೆಲೆಯ ಇಂಧನ ಎಲ್ಲಿದೆ ಎಂದು ತೋರಿಸುವ ಗ್ಯಾಸ್‌ಬಡ್ಡಿ ಮುಂತಾದ ಆಪ್‌ಗಳೊಳಗೆ ಆರಿಟಿಯ ತಂತ್ರಾಂಶ ಸೇರಿಕೊಂಡಿತ್ತು ಎನ್ನುತ್ತದೆ ಆ ದೂರು. ಈ ಆಪ್‌ಗಳನ್ನು ಹಾಕಿಕೊಂಡವರು ವಿಮೆಯ ಯೋಜನೆಗೆ ಸೇರಿದವರಲ್ಲ. ಆರೋಪ ರುಜುವಾತಾಗುವುದೋ ಇಲ್ಲವೋ ಎಂಬುದನ್ನು ನ್ಯಾಯಾಲಯ ಹೇಳಬೇಕು. ಆದರೆ ಬಳಕೆದಾರನಿಗೆ ಅದರಿಂದ ಈಗಲೇ ತಿಳಿಯಬೇಕಾದ ಸಂಗತಿಯೊಂದಿದೆ: ಆಪ್‌ನ ಹೆಸರು ಒಂದು ಕಂಪನಿಯದಾಗಿದ್ದು, ಅದರೊಳಗಿನಿಂದ ಮಾಹಿತಿ ಪಡೆಯುವವರು ಬೇರೆಯೇ ಇರಬಹುದು.

ವಿಮಾ ಕಂಪನಿಗಳ ವಾದವೂ ಪೊಳ್ಳಲ್ಲ

ವಿಮಾ ಕಂಪನಿಗಳ ಕಡೆಯಿಂದ ಬರುವ ಬಲವಾದ ವಾದ ನ್ಯಾಯದ್ದು. ಸಾಂಪ್ರದಾಯಿಕ ಪದ್ಧತಿಯಲ್ಲಿ ಕಂತು ನಿರ್ಧಾರವಾಗುವುದು ವಯಸ್ಸು, ವಾಸದ ಪ್ರದೇಶ, ವಾಹನದ ಬಗೆ, ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಸಾಲ ಮರುಪಾವತಿಯ ಅಂಕದಂಥ ಪರೋಕ್ಷ ಸೂಚಕಗಳಿಂದ. ಇಪ್ಪತ್ತರ ಹರೆಯದ ಎಚ್ಚರದ ಚಾಲಕಿ ತನ್ನ ವಯಸ್ಸಿನ ಇತರರ ಅವಸರಕ್ಕೆ ದಂಡ ತೆರುತ್ತಾಳೆ. ಅವಳ ಸ್ವಂತ ಚಾಲನೆಯನ್ನೇ ಅಳೆದರೆ ಆ ಅನ್ಯಾಯ ತಪ್ಪುತ್ತದೆ. ಬಡ ಬಡಾವಣೆಯಲ್ಲಿ ಮನೆ ಇದೆ ಎಂಬ ಕಾರಣಕ್ಕೆ ಹೆಚ್ಚು ಕಂತು ಕಟ್ಟುವ ಒಳ್ಳೆಯ ಚಾಲಕನಿಗೂ ಇದು ಅನ್ವಯಿಸುತ್ತದೆ. ಈ ವಾದವನ್ನು ಗ್ರಾಹಕ ಹಕ್ಕುಗಳ ಪರವಾಗಿ ಮಾತಾಡುವವರೂ ಪೂರ್ತಿ ಅಲ್ಲಗಳೆಯುವುದಿಲ್ಲ.

ಅವರ ಆಕ್ಷೇಪ ಇರುವುದು ಮುಂದಿನ ಹಂತದ ಬಗ್ಗೆ. ಮೊದಲು ಸ್ವಇಚ್ಛೆಯಿಂದ ಸೇರುವವರು ತಮ್ಮ ಚಾಲನೆಯ ಬಗ್ಗೆ ಭರವಸೆ ಇರುವವರು. ಅವರಿಗೆ ರಿಯಾಯಿತಿ ಸಿಗುತ್ತದೆ. ಅವರು ಆಚೆ ಹೋದ ಮೇಲೆ ಉಳಿದವರ ಗುಂಪಿನ ಸರಾಸರಿ ಅಪಾಯ ಏರುತ್ತದೆ, ಅವರ ಕಂತೂ ಏರುತ್ತದೆ. ಆಗ ಉಳಿದವರಲ್ಲಿ ಉತ್ತಮರಾದವರು ಸೇರಿಕೊಳ್ಳುತ್ತಾರೆ, ಮತ್ತೆ ಸರಾಸರಿ ಏರುತ್ತದೆ. ಹೀಗೆ ಸುತ್ತು ಸುತ್ತಾಗಿ ಸಾಗಿದರೆ, ಖಾಸಗಿತನವನ್ನು ಬಯಸಿ ಹೊರಗುಳಿದವನನ್ನೂ ಅಪಾಯಕಾರಿ ಚಾಲಕನೆಂದೇ ಬೆಲೆ ಕಟ್ಟುವ ಕಾಲ ಬರಬಹುದು. ಒಪ್ಪಿಗೆ ಎಂಬುದು ಕಾಗದದ ಮೇಲೆ ಉಳಿದು, ನಿರಾಕರಿಸುವುದು ಕೈಗೆಟುಕದಷ್ಟು ದುಬಾರಿಯಾಗುತ್ತದೆ. ಇದು ಇಂದೇ ಎಲ್ಲೆಡೆ ಆಗಿದೆ ಎಂದಲ್ಲ. ಆದರೆ ಯೋಜನೆಯ ಒಳತರ್ಕ ಆ ಕಡೆಗೇ ಎಳೆಯುತ್ತದೆ, ಮತ್ತು ಅದನ್ನು ತಡೆಯಬಲ್ಲದ್ದು ನಿಯಂತ್ರಣ ಕಾನೂನು ಮಾತ್ರ.

ಬಹುಮಾನವಿಲ್ಲದ ದಾರಿ

ಫೋನನ್ನು ದೂರವಿಡುವುದೇ ಉದ್ದೇಶವಾದರೆ ಅದಕ್ಕೆ ಹೊರಗಿನ ಕಂಪನಿಯ ಅಗತ್ಯವಿಲ್ಲ. ಆಪಲ್ 2017ರಲ್ಲಿ ಐಓಎಸ್ 11ರ ಜೊತೆ, ವಾಹನ ಓಡುವಾಗ ಸಂದೇಶ ಮತ್ತು ಸೂಚನೆಗಳನ್ನು ತಡೆಹಿಡಿಯುವ ಸೌಲಭ್ಯವನ್ನು ಕೊಟ್ಟಿತು. 2021ರಿಂದ ಅದಕ್ಕೆ ‘ಡ್ರೈವಿಂಗ್ ಫೋಕಸ್’ ಎಂದು ಹೆಸರು. ಆಂಡ್ರಾಯ್ಡ್ ಫೋನ್‌ಗಳಲ್ಲೂ ಚಾಲನೆಯ ವೇಳೆ ಸದ್ದಡಗಿಸುವ ಆಯ್ಕೆಗಳಿವೆ. ಸಂದೇಶ ಕಳಿಸಿದವರಿಗೆ ‘ವಾಹನ ಓಡಿಸುತ್ತಿದ್ದೇನೆ, ಆಮೇಲೆ ನೋಡುತ್ತೇನೆ’ ಎಂಬ ಉತ್ತರವೂ ತಾನಾಗಿ ಹೋಗುತ್ತದೆ. ಇದರ ಅನುಕೂಲ ದೊಡ್ಡದು: ಆಸೆ ಹುಟ್ಟಿದ ಮೇಲೆ ತಡೆಯುವುದಕ್ಕಿಂತ ಆಸೆ ಹುಟ್ಟಿಸುವ ಸದ್ದನ್ನೇ ಇದು ನಿಲ್ಲಿಸುತ್ತದೆ, ಮತ್ತು ಯಾವ ವಿಮಾ ಕಂಪನಿಗೂ ಅಂಕ ಕಳಿಸುವುದಿಲ್ಲ.

ಹಾಗಿದ್ದರೂ ಹೆಚ್ಚಿನವರು ಅದನ್ನು ಬಳಸುವುದಿಲ್ಲ. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯು ಈ ಸೌಲಭ್ಯ ಬಂದ ಹೊಸತರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಅದಿದ್ದ ಐಫೋನ್‌ಗಳ ಮಾಲೀಕರಲ್ಲಿ ಸುಮಾರು ಐವರಲ್ಲಿ ಒಬ್ಬರು ಮಾತ್ರ ಅದು ತಾನಾಗಿ ಚಾಲೂ ಆಗುವಂತೆ ಇಟ್ಟುಕೊಂಡಿದ್ದರು. ಉಚಿತವಾಗಿ, ಗೋಪ್ಯವಾಗಿ ದೊರೆಯುವ ಉಪಾಯ ಬಳಕೆಯಾಗದೆ ಉಳಿಯುತ್ತದೆ. ಹಣ ಕೊಡುವ ಆಪ್‌ಗೆ ಜನ ಸೇರುತ್ತಾರೆ. ಬಹುಮಾನದ ಆಪ್‌ಗಳಿಗೆ ಜಾಗ ಸಿಕ್ಕಿರುವುದು ಈ ಅಂತರದಲ್ಲಿಯೇ. ದಂಡದ ದಾರಿಯೂ ಇದೆ: ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಚಾಲಕರ ಕೈಯಲ್ಲಿನ ಫೋನನ್ನು ಪತ್ತೆಹಚ್ಚುವ ಕ್ಯಾಮೆರಾಗಳ ಆಧಾರದ ಮೇಲೆ 2020ರ ಮಾರ್ಚಿನಿಂದ ದಂಡ ವಿಧಿಸಲಾಗುತ್ತಿದೆ. ಆ ಬಗೆಯ ಕಣ್ಗಾವಲು ಸೇರಿದವರಿಗೆ ಮಾತ್ರವಲ್ಲ, ರಸ್ತೆಗಿಳಿದ ಎಲ್ಲರಿಗೂ ಅನ್ವಯಿಸುತ್ತದೆ.

ಯಾರು ಬಳಸಬಹುದು, ಹೇಗೆ

ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುವುದಕ್ಕಿಂತ ನೇರವಾಗಿ ಹೇಳುವುದಾದರೆ, ಓಡಿಸುವಾಗ ಫೋನ್ ಮುಟ್ಟುವ ಚಾಳಿ ಈಗಾಗಲೇ ಅಂಟಿಕೊಂಡಿರುವವರಿಗೆ ಮತ್ತು ಹೊಸದಾಗಿ ಚಾಲನೆ ಕಲಿತ ಹರೆಯದವರಿಗೆ ಈ ಆಪ್‌ಗಳು ಕೆಲವು ತಿಂಗಳ ಮಟ್ಟಿಗೆ ಉಪಯುಕ್ತ. ಈಜು ಕಲಿಯುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಸೋರೆಬುರುಡೆಯ ಹಾಗೆ ಇದು ರೂಢಿ ಬರುವವರೆಗಿನ ಆಸರೆ. ಮೊದಲೇ ಫೋನ್ ಮುಟ್ಟದೆ ಓಡಿಸುವವರಿಗೆ ಇದರಿಂದ ಸುರಕ್ಷತೆಯೇನೂ ಹೆಚ್ಚುವುದಿಲ್ಲ. ಅವರು ತಮ್ಮ ಓಡಾಟದ ಮಾಹಿತಿಯನ್ನು ಮಾರಿ ರಿಯಾಯಿತಿ ಕೊಳ್ಳುತ್ತಿರುತ್ತಾರೆ, ಅಷ್ಟೆ. ಆ ವ್ಯಾಪಾರ ಅವರಿಗೆ ಒಪ್ಪಿಗೆಯಾದರೆ ತಪ್ಪಿಲ್ಲ, ಆದರೆ ಅದನ್ನು ವ್ಯಾಪಾರವೆಂದೇ ತಿಳಿದು ಮಾಡಬೇಕು. ರಾತ್ರಿ ಪಾಳಿಯವರು, ಕಿಕ್ಕಿರಿದ ನಗರದೊಳಗೇ ಓಡಿಸುವವರು ವಿಮೆಗೆ ಕಟ್ಟಿಕೊಂಡ ಯೋಜನೆಗಳಿಂದ ದೂರವಿರುವುದೇ ಮೇಲು, ವಿಶೇಷವಾಗಿ ಅಂಕ ಕೆಟ್ಟರೆ ಕಂತು ಏರಬಹುದೆಂಬ ಷರತ್ತು ಇರುವಲ್ಲಿ. ಮಕ್ಕಳ ಫೋನಿಗೆ ಇಂಥ ಆಪ್ ಹಾಕುವ ತಂದೆತಾಯಿ ಅದನ್ನು ಅವರಿಗೆ ತಿಳಿಸಿಯೇ ಹಾಕಬೇಕು. ಗುಟ್ಟಾಗಿ ಹಾಕಿದ ಆಪ್ ಗೊತ್ತಾದ ದಿನ ಹುಡುಗರು ಫೋನನ್ನು ಮನೆಯಲ್ಲೇ ಬಿಟ್ಟು ಹೋಗಲು ಕಲಿಯುತ್ತಾರೆ, ತುರ್ತಿನ ಹೊತ್ತಿಗೆ ಕೈಯಲ್ಲಿ ಏನೂ ಇರುವುದಿಲ್ಲ.

ಸೇರುವ ಮುನ್ನ ಷರತ್ತುಗಳಲ್ಲಿ ನೋಡಬೇಕಾದ ಸಂಗತಿಗಳು ಹೆಚ್ಚಿಲ್ಲ. ಅಂಕ ಕೆಟ್ಟರೆ ನಷ್ಟವಿದೆಯೇ, ಮಾಹಿತಿ ‘ಪಾಲುದಾರ’ರಿಗೆ ಹೋಗುತ್ತದೆಯೇ ಮತ್ತು ಅವರು ಯಾರು, ಪ್ರಯಾಣಿಕನಾಗಿದ್ದಾಗಿನ ದಾಖಲೆಯನ್ನು ತಿದ್ದಲು ಬರುತ್ತದೆಯೇ, ಎಷ್ಟು ಕಾಲ ದತ್ತಾಂಶವನ್ನು ಇಟ್ಟುಕೊಳ್ಳುತ್ತಾರೆ ಎಂಬುದಕ್ಕೆ ಸ್ಪಷ್ಟ ಉತ್ತರ ಸಿಗಬೇಕು. ಉತ್ತರ ಹುಡುಕಲು ಹತ್ತು ಪುಟ ತಿರುವಬೇಕಾದರೆ ಅದೇ ಒಂದು ಸೂಚನೆ. ಸೇರಿದ ದಿನವೇ ಫೋನಿನದೇ ಆದ ಡ್ರೈವಿಂಗ್ ಫೋಕಸ್ ಅಥವಾ ಅದಕ್ಕೆ ಸಮನಾದ ಆಯ್ಕೆಯನ್ನೂ ಚಾಲೂ ಮಾಡಿಟ್ಟುಕೊಂಡರೆ, ಬಹುಮಾನದ ಅವಧಿ ಮುಗಿದ ಮೇಲೆಯೂ ಸಂದೇಶದ ಸದ್ದು ಅಡಗಿಯೇ ಇರುತ್ತದೆ. ಆಪ್ ಬಿಡುವಾಗ ಅದನ್ನು ಫೋನಿನಿಂದ ಅಳಿಸಿದರಷ್ಟೇ ಸಾಲದು. ಸರ್ವರ್‌ನಲ್ಲಿ ಉಳಿದ ಹಳೆಯ ಪ್ರಯಾಣಗಳ ದಾಖಲೆ ಅದರಿಂದ ಅಳಿಯುವುದಿಲ್ಲ. ಮೊದಲು ಖಾತೆಯನ್ನೂ ದತ್ತಾಂಶವನ್ನೂ ಅಳಿಸಬೇಕೆಂದು ಕಂಪನಿಗೆ ಬರಹದಲ್ಲಿ ಕೋರಿ, ಅಳಿಸಿದ್ದಕ್ಕೆ ಉತ್ತರ ಬಂದ ನಂತರ ಆಪ್ ತೆಗೆಯಬೇಕು.